ಕಾಡು ಇನ್ನೆಷ್ಟು ದೂರ?

ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಡೆ ಒಂದು ಗಂಟೆ ನಡೆದ ಮೇಲೆ ನಮ್ಮ ಭಾವ ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸುತ್ತ, “ಕಾಡು ಇನ್ನೆಷ್ಟು ದೂರ?” ಎಂದು ಕೇಳಿದರು. ಅವರು ಸಾಗರದ ಕಡೆಯವರು. ಕಾಡೆಂದರೆ ಹಗಲಲ್ಲೂ ಕತ್ತಲಿರಬೇಕು, ಮರದ ತುದಿ ನೋಡಲು ಹೋದರೆ ತಲೆಯ ಟೋಪಿ ಹಿಂದಕ್ಕೆ ಬೀಳಬೇಕು, ಇಂಬಳ ಹತ್ತಬೇಕು. ನಾವು ಆಗ ಕಾಡಿನ ನಟ್ಟನಡುವೆ ನಿಂತಿದ್ದೆವು. ಬಹುಶಃ ಅವರ ಊರಿನ ಎಷ್ಟೋ ತೋಪುಗಳಿಗಿಂತ ಹಳೆಯ ಕಾಡು ಅದು. ಅದನ್ನು ಬಾಯಲ್ಲಿ ಹೇಳಿದರೆ ಅವರು ನಂಬುವುದಿಲ್ಲವೆಂದು ಗೊತ್ತಿತ್ತು. ದಾರಿಯ ಪಕ್ಕದ ಒಂದು ದಿಂಡಿಗದ ಗಿಡ ತೋರಿಸಿದೆ. ಕಾಂಡ ನನ್ನ ಮಣಿಕಟ್ಟಿಗಿಂತ ದಪ್ಪವಿರಲಿಲ್ಲ. ಹುಲ್ಲು ಸರಿಸಿ ಬುಡ ತೋರಿಸಿದಾಗ ಭಾವ ಬಗ್ಗಿ ನೋಡಿದರು. ಬೊಡ್ಡೆ ಬೀಸುವ ಕಲ್ಲಿನಷ್ಟು ಅಗಲವಿತ್ತು. ಅದರ ಸುತ್ತ ಅಂಥವೇ ನಾಲ್ಕು ಕಾಂಡಗಳು ಎದ್ದಿದ್ದವು.

ಒಣನಾಡಿನ ಕಾಡನ್ನು ಓದುವ ಮೊದಲ ಅಕ್ಷರ ಈ ಬೊಡ್ಡೆ. ದಿಂಡಿಗ, ಕಮರ, ಬೀಡಿ ಎಲೆಯ ತುಮರಿ ಇವುಗಳನ್ನು ಕಡಿದರೆ ಸಾಯುವುದಿಲ್ಲ. ಬುಡದಲ್ಲಿ ಮಲಗಿದ್ದ ಮೊಗ್ಗುಗಳು ಎದ್ದು ಹೊಸ ಕಾಂಡಗಳಾಗುತ್ತವೆ. ತುಮರಿಯಂತೂ ಇನ್ನೂ ಹಟಮಾರಿ. ಬೊಡ್ಡೆ ಕಿತ್ತರೂ ನೆಲದೊಳಗೆ ಹರಡಿದ ಬೇರಿನಿಂದ ಅಲ್ಲೊಂದು ಇಲ್ಲೊಂದು ಕುಡಿ ಏಳಿಸುತ್ತದೆ. ಸೌದೆಗೆ ಕಡಿದರು, ಇದ್ದಿಲಿಗೆ ಕಡಿದರು, ಆಡು ಮೇಯಿತು, ಬೇಸಿಗೆಯ ಬೆಂಕಿ ಹಾಯಿತು. ಪ್ರತಿ ಸಲವೂ ಮೇಲಿನ ಕಾಂಡ ಹೋಯಿತು, ಕೆಳಗಿನ ಮರ ಉಳಿಯಿತು. ಹಾಗಾಗಿ ನಿಮ್ಮ ಕಣ್ಣೆದುರಿನ ಕಾಂಡಕ್ಕೆ ಹತ್ತು ವರ್ಷವಿರಬಹುದು, ಅದನ್ನು ಹೊತ್ತ ಬೇರಿಗೆ ಅದರ ಎಷ್ಟೋ ಪಟ್ಟು ವಯಸ್ಸು. ಮಲೆನಾಡಿನಲ್ಲಿ ಹಳತು ಮೇಲಕ್ಕೆ ಬೆಳೆಯುತ್ತದೆ; ನಮ್ಮಲ್ಲಿ ಹಳತು ಕೆಳಕ್ಕೆ ಇಳಿಯುತ್ತದೆ.

ಇದು ಬರೀ ಬೊಡ್ಡೆಯ ಮೇಲಿನ ಪ್ರೀತಿಯಿಂದ ಆಡುವ ಮಾತಲ್ಲ, ಸರ್ಕಾರಿ ಲೆಕ್ಕದಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹ ಚಿತ್ರಗಳನ್ನು ನೋಡಿ ದೇಶದ ಅರಣ್ಯ ಹೊದಿಕೆಯನ್ನು ಅಳೆಯುತ್ತದೆ. ಮೇಲಿನಿಂದ ನೋಡಿದಾಗ ಎಲೆಯ ಚಪ್ಪರ ನೆಲದ ಎಷ್ಟು ಪಾಲು ಮುಚ್ಚಿದೆ ಎಂಬುದೇ ಅದರ ಅಳತೆಗೋಲು. ಶೇಕಡಾ 70ಕ್ಕೆ ಮೇಲ್ಪಟ್ಟರೆ ಅತಿ ದಟ್ಟ, 40ರಿಂದ 70 ಸಾಧಾರಣ ದಟ್ಟ, 10ರಿಂದ 40 ವಿರಳ ಅರಣ್ಯ. ಶೇಕಡಾ 10ಕ್ಕಿಂತ ಕಡಿಮೆಯಾದರೆ ಅದು ಅರಣ್ಯ ಹೊದಿಕೆಯೇ ಅಲ್ಲ, ಕುರುಚಲು. ಈ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಮೀರಿದ ಮಾವಿನ ತೋಟವೂ ನೀಲಗಿರಿ ನೆಡುತೋಪೂ ‘ಅರಣ್ಯ ಹೊದಿಕೆ’ ಆಗಬಲ್ಲವು. ಶತಮಾನಗಳಿಂದ ಹುಲ್ಲು, ಮುಳ್ಳು, ಬೊಡ್ಡೆಗಳನ್ನು ಹಿಡಿದು ಕೂತಿರುವ ನಮ್ಮ ಗುಡ್ಡದ ಇಳಿಜಾರು ಆಗದೆ ಹೋಗಬಹುದು. ಕುರುಚಲು ಎಂದ ಮೇಲೆ ‘ಬೀಳು’ ಎನ್ನಲು ಎಷ್ಟು ಹೊತ್ತು? ಬೀಳು ಎಂದ ಮೇಲೆ ಏನಾದರೂ ಕಟ್ಟಲು, ಏನಾದರೂ ಅಗೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕಾನೂನು ಮಾತ್ರ ಇಷ್ಟು ಜಿಪುಣವಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು, ಜಮೀನು ಯಾರದೇ ಆಗಿರಲಿ ಎಂದು ಹೇಳಿತು.

ಹಾಗಾದರೆ ಸುತ್ತಲಿನ ಬಯಲೆಲ್ಲ ಹೊಲವಾಗಿ, ಬಿಸಿಲಾಗಿ ಹೋದರೂ ಸಂಡೂರಿನ ಬೆಟ್ಟಗಳಲ್ಲಿ ಮಾತ್ರ ಕಾಡು ಏಕೆ ನಿಂತಿತು? ಉತ್ತರ ಕಲ್ಲಿನಲ್ಲಿದೆ. ಬಳ್ಳಾರಿಯ ಕೋಟೆ ಗುಡ್ಡ, ಹಂಪಿಯ ಬಂಡೆರಾಶಿ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಕಲ್ಲಿನ ಮನೆಗಳಂತಿರುವ ಬೃಹತ್ ಶಿಲಾಯುಗದ ಸಮಾಧಿಗಳನ್ನು ಹೊತ್ತ ಬೆಟ್ಟ, ಇವೆಲ್ಲ ಗ್ರಾನೈಟಿನ ಬಳಗ. ಬೋಳು ಬಂಡೆ, ಮಣ್ಣು ಸಂದಿಯಲ್ಲಿ ಮಾತ್ರ, ಗಿಡವೂ ಸಂದಿಯಲ್ಲಿ ಮಾತ್ರ. ಸಂಡೂರಿನದು ಬೇರೆ ವಂಶ. ಭೂವಿಜ್ಞಾನಿಗಳು ಸಂಡೂರು ಶಿಲಾಪಟ್ಟಿ ಎಂದು ಕರೆಯುವ ಈ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ. ಆಗ ಇದು ಸಮುದ್ರದ ತಳ. ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಪದರ ಪದರವಾಗಿ ಕೂತಿತು. ನಡುನಡುವೆ ಸಿಲಿಕದ ಪದರ. ಬೆಟ್ಟದ ದಾರಿ ಕಡಿದ ಕಡೆ ನಿಂತು ನೋಡಿದರೆ ಕೆಂಪು, ಕಪ್ಪು, ಬೂದು ಬಣ್ಣದ ಪಟ್ಟೆಗಳು ಇಳಕಲ್ ಸೀರೆಯ ಅಂಚಿನ ಹಾಗೆ ಕಾಣುತ್ತವೆ. ಆ ಸಮುದ್ರದಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳು ಚಾಪೆಯ ಹಾಗೆ ಹರಡಿ ಕಲ್ಲಾದ ಗುರುತುಗಳೂ ಈ ಶಿಲಾಪಟ್ಟಿಯಲ್ಲಿ ಸಿಕ್ಕಿವೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಈ ಬೆಟ್ಟಗಳನ್ನೂ ಸುತ್ತಿ ದಾಖಲಿಸಿದವರು. ಇಂಥ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವರೂ ಅವರೇ.

ಕಬ್ಬಿಣದ ಈ ಪಟ್ಟೆಕಲ್ಲು ಬಹಳ ಗಟ್ಟಿ. ಅಕ್ಕಪಕ್ಕದ ಮೆತ್ತನೆಯ ಕಲ್ಲು ಸವೆದು ಕಣಿವೆಯಾಯಿತು, ಇದು ಸವೆಯದೆ ಗೋಡೆಯಾಗಿ ನಿಂತಿತು. ಅದಕ್ಕೇ ಸಂಡೂರು ಎರಡು ಉದ್ದನೆಯ ಬೆಟ್ಟಸಾಲುಗಳ ನಡುವೆ ದೋಣಿಯೊಳಗೆ ಕೂತಂತಿದೆ. ನಾರಿಹಳ್ಳ ಆ ಗೋಡೆಗಳನ್ನು ಸೀಳಿದ ಕಡೆ ಉಬ್ಬಳಗಂಡಿ, ಭೀಮಗಂಡಿ ಎಂಬ ಎರಡು ಇಕ್ಕಟ್ಟಾದ ಕಣಿವೆಗಳಿವೆ. ನಮ್ಮ ಕಡೆ ಗಂಡಿ ಎಂದರೆ ಸಂದಿ, ಹಾಯ್ದುಹೋಗುವ ಕಿಂಡಿ. ಇನ್ನು ಎತ್ತರ: ರಾಮನದುರ್ಗ ಸಮುದ್ರಮಟ್ಟದಿಂದ 3,256 ಅಡಿ, ಅಂದರೆ ಸುಮಾರು 990 ಮೀಟರ್. ಬಳ್ಳಾರಿಯ ಬಯಲು ಅದರ ಅರ್ಧದಷ್ಟು ಎತ್ತರದಲ್ಲಿದೆ. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪಾಗುತ್ತದೆ. ಐನೂರು ಮೀಟರಿಗೆ ಮೂರು ಡಿಗ್ರಿ. ಕೇಳಲು ಕಡಿಮೆ, ಆದರೆ ಪಶ್ಚಿಮಘಟ್ಟಗಳು ಹಿಂಡಿ ಬಿಟ್ಟ ಒಣಮೋಡವೂ ಒಂದಿಷ್ಟು ತೊಟ್ಟಿಕ್ಕಲು ಅಷ್ಟು ಸಾಕು. ಬಳ್ಳಾರಿಯ ದಂಡಿನಲ್ಲಿ ಬೆಂದುಹೋಗುತ್ತಿದ್ದ ಬ್ರಿಟಿಷ್ ಸೈನಿಕರು ಚೇತರಿಸಿಕೊಳ್ಳಲು ರಾಮನದುರ್ಗದಲ್ಲಿ ಆರೋಗ್ಯಧಾಮ ಮಾಡಿಕೊಂಡದ್ದು ಈ ಮೂರು ಡಿಗ್ರಿಯ ಆಸೆಗೇ.

ಮಳೆ ಬಿದ್ದರಷ್ಟೇ ಸಾಲದು, ನಿಲ್ಲಬೇಕು. ಅದಿರಿನ ಪದರ ಮೈತುಂಬ ಬಿರುಕು, ತೂತು. ನೀರು ಅದರೊಳಗೆ ಇಳಿಯುತ್ತದೆ, ಕೆಳಗಿನ ಜೇಡಿಯಂಥ ಕಲ್ಲು ಸಿಕ್ಕಲ್ಲಿ ತಡೆದು ಪಕ್ಕಕ್ಕೆ ಹೊರಳುತ್ತದೆ, ಇಳಿಜಾರಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಬೆಟ್ಟದ ಮೇಲಿನ ಕಬ್ಬಿಣದ ಟೊಪ್ಪಿಗೆಯೇ ನೀರಿನ ತೊಟ್ಟಿ ಎಂದು ತಿಳಿದರೆ ಆಯಿತು. ಕುಮಾರಸ್ವಾಮಿ ಬೆಟ್ಟದ ಹರಿಶಂಕರ ತೀರ್ಥದಂಥ ನೀರಿನ ತಾಣಗಳ ಸುತ್ತ ಮರಗಳು ಒಮ್ಮೆಲೇ ಎತ್ತರವಾಗುವುದನ್ನು ನೀವೇ ನೋಡಬಹುದು. ಭಾವನವರ ಮುಖ ಮೊದಲ ಸಲ ಅರಳಿದ್ದು ಅಂಥದೊಂದು ನೆರಳಿನಲ್ಲಿ. ಇಲ್ಲಿಯ ಪಾರ್ವತಿ ದೇವಾಲಯ ಬಾದಾಮಿ ಚಾಲುಕ್ಯರ ಕಾಲದ್ದು, ಕುಮಾರಸ್ವಾಮಿಯ ಗುಡಿ ರಾಷ್ಟ್ರಕೂಟರ ಕಾಲದ್ದು. ಸಾವಿರಕ್ಕೂ ಹೆಚ್ಚು ವರ್ಷ ಜನ ಇಲ್ಲಿಗೆ ಹತ್ತಿ ಬಂದಿದ್ದಾರೆ ಎಂದರೆ, ಅಷ್ಟು ವರ್ಷ ಅವರಿಗೆ ಇಲ್ಲಿ ಕುಡಿಯಲು ನೀರು ಸಿಕ್ಕಿದೆ ಎಂದೂ ಅರ್ಥ.

ಗಣಿಗಾರಿಕೆ ಈ ಕಾಡಿಗೆ ಏನು ಮಾಡುತ್ತದೆ ಎಂಬುದು ಈ ತೊಟ್ಟಿಯಿಂದಲೇ ಅರ್ಥವಾಗಬೇಕು. ಮರ ಎಣಿಸಿ, ಕಡಿದಷ್ಟು ಬೇರೆಡೆ ನೆಡುತ್ತೇವೆ ಎಂದರೆ ಲೆಕ್ಕ ಸರಿಹೋಗುವುದಿಲ್ಲ. ಬೊಡ್ಡೆಗಳನ್ನು ನೆಡಲು ಬರುವುದಿಲ್ಲ, ಟೊಪ್ಪಿಗೆಯನ್ನಂತೂ ಬರುವುದೇ ಇಲ್ಲ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈನಲ್ಲಿ; ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಮೂರು ವರ್ಗ ಮಾಡಿದ್ದನ್ನು ಒಪ್ಪಿ, ಷರತ್ತಿನ ಮೇಲೆ ಕೆಲವಕ್ಕೆ ಮತ್ತೆ ದಾರಿ ಬಿಟ್ಟಿತು. ಆ ಕತೆ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು, ಇಲ್ಲಿ ಬೆಳೆಸುವುದಿಲ್ಲ. ಚಾರಣಿಗರಿಗೆ ಬೇಕಾದ್ದಿಷ್ಟು: ಬೆಟ್ಟದ ಒಂದು ಮಗ್ಗುಲು ಕಾಡು, ಇನ್ನೊಂದು ಮಗ್ಗುಲು ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗಣಿ ಇರಬಹುದು. ಗಡಿಯಲ್ಲಿ ಕೆಂಪು ಧೂಳು ಕೂತ ಎಲೆಗಳು ಕಾಣತೊಡಗಿದರೆ ಅಲ್ಲಿಂದ ಹಿಂದಿರುಗಿ. ಗಣಿ ಗುತ್ತಿಗೆಯ ಪ್ರದೇಶದೊಳಗೆ ಸಿಡಿಮದ್ದೂ ಲಾರಿಯೂ ನಿಮ್ಮನ್ನು ಕೇಳಿ ಬರುವುದಿಲ್ಲ.

ಈಗ ನಡಿಗೆ. ಕಾಡನ್ನು ಓದಬೇಕೆಂದರೆ ಬೆಟ್ಟದ ಬುಡದಿಂದಲೇ ಶುರುಮಾಡಬೇಕು, ಏಕೆಂದರೆ ಬುಡದಲ್ಲಿ ಸಿಗುವುದು ಕಾಡಲ್ಲ. ರಸ್ತೆ ಬದಿ, ಹಳ್ಳದ ದಂಡೆ, ಬೀಳು ಹೊಲ ತುಂಬಿದ ದಟ್ಟ ಹಸಿರು ಮುಳ್ಳುಗಿಡ ಬಳ್ಳಾರಿ ಜಾಲಿ. ಕರ್ನಾಟಕದ ಯಾವ ಮೂಲೆಗೆ ಹೋದರೂ ಅದಕ್ಕೆ ನಮ್ಮ ಊರಿನ ಹೆಸರು! ಮೂಲ ಮಾತ್ರ ಅಮೆರಿಕ ಖಂಡಗಳದ್ದು. 19ನೇ ಶತಮಾನದ ಕೊನೆಯ ಹೊತ್ತಿಗೆ ಬರಗಾಲದ ನಾಡಿಗೆ ಸೌದೆಯಾಗಲೆಂದು ತಂದದ್ದು. ಏಪ್ರಿಲಿನಲ್ಲಿ ಬಂದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಳ್ಳಾರಿ ಜಾಲಿ ಹಸಿರಾಗಿ ನಗುತ್ತಿರುತ್ತದೆ, ಹಳಬರೆಲ್ಲ ಎಲೆ ಉದುರಿಸಿ ಸತ್ತಂತೆ ನಿಂತಿರುತ್ತಾರೆ. ನೀರಿಲ್ಲದಾಗ ಎಲೆ ಕಳಚಿ ಉಸಿರು ಹಿಡಿಯುವುದು ಇಲ್ಲಿಯ ಮರಗಳ ಹಳೆಯ ವಿದ್ಯೆ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಕಾಡನ್ನು ‘ಹಾಳಾಗಿದೆ’ ಎಂದು ಬರೆಯುವವರು ಜೂನ್ ಮೊದಲ ಮಳೆಯ ವಾರದ ನಂತರ ಇನ್ನೊಮ್ಮೆ ಬಂದು ನೋಡಬೇಕು.

ಮೇಲೇರುತ್ತ ಹೋದಂತೆ ಜಾಲಿ ಹಿಂದೆ ಬೀಳುತ್ತದೆ. ಕಾರೆ, ಕವಳೆ, ಬೋರೆಯ ಮುಳ್ಳು ಪೊದೆಗಳು, ಬಂದರಿಕೆ, ಸೀತಾಫಲ. ಆಮೇಲೆ ದಿಂಡಿಗದ ನುಣುಪಾದ ಬೂದು ತೊಗಟೆ, ಮುತ್ತುಗ, ಅಲ್ಲಲ್ಲಿ ಶ್ರೀಗಂಧ, ಗೊರಸಿನಾಕಾರದ ಜೋಡಿ ಎಲೆಯ ಕಮರ. ಕಮರದ ಕಟ್ಟಿಗೆ ನಮ್ಮ ದೇಶದ ಅತಿ ಗಟ್ಟಿ, ಅತಿ ಭಾರದ ಮರಗಳಲ್ಲೊಂದು. ಅದು ನಿಧಾನವಾಗಿ ಬೆಳೆಯುತ್ತದೆ; ಹಾಗಾಗಿ ದಪ್ಪ ಕಮರ ಕಂಡಲ್ಲಿ ಆ ಇಳಿಜಾರು ಬಹಳ ಕಾಲದಿಂದ ಕೊಡಲಿ ಕಂಡಿಲ್ಲ ಎಂದು ಊಹಿಸಬಹುದು. ನೆಲದ ಹುಲ್ಲನ್ನೂ ನೋಡಿ. ಮಲೆನಾಡಿನ ಕಾಡಿನಲ್ಲಿ ನೆರಳಿಗೆ ಹುಲ್ಲು ಬೆಳೆಯುವುದಿಲ್ಲ, ಇಲ್ಲಿ ಬಿಸಿಲು ನೆಲ ಮುಟ್ಟುವುದರಿಂದ ಹುಲ್ಲು ಕಾಡಿನ ಅರ್ಧ ಸಂಸಾರ. ಅದನ್ನು ಖಾಲಿ ಜಾಗ ಎಂದು ತಿಳಿದು ಗುಂಡಿ ತೋಡಿ ಸಸಿ ನೆಡುವ ಉತ್ಸಾಹಿಗಳನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಬಿಟ್ಟರೆ ಇಂಥ ಕಾಡು ತಾನೇ ಮೇಲೇಳುತ್ತದೆ ಎಂಬುದಕ್ಕೆ ಪಕ್ಕದಲ್ಲೇ ಸಾಕ್ಷಿಯಿದೆ. ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದಾಗ ಅಲ್ಲಿಯ ಬಂಡೆಗುಡ್ಡಗಳು ಬಹುಮಟ್ಟಿಗೆ ಬೋಳಾಗಿದ್ದವು ಎಂದು ನೋಡಿದ ಹಳಬರು ಹೇಳುತ್ತಾರೆ. ಕಡಿಯುವುದು, ಮೇಯಿಸುವುದು ನಿಂತ ಮೇಲೆ ಪೊದೆಗಾಡು ಮರಳಿತು. ಬೊಡ್ಡೆಗಳು ಕಾಯುತ್ತಿದ್ದವು ಎಂದು ನಾನು ತಿಳಿಯುತ್ತೇನೆ.

ಎಲ್ಲಿ ನಡೆಯಬಹುದು ಎಂಬ ಪ್ರಶ್ನೆಗೆ ಹಲವರು ದಾರಿ ತಪ್ಪುವುದು ಇಲ್ಲೇ. ಕರಡಿಧಾಮವೂ ಸಂಡೂರಿನ ಬೆಟ್ಟಗಳೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ದರೋಜಿ ವನ್ಯಜೀವಿಧಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, 28ನೇ ಕಲಮಿನಡಿ ಅನುಮತಿ ಪಡೆಯಬೇಕು. ಅಲ್ಲಿ ಚಾರಣವೆಂಬುದಿಲ್ಲ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರ ಹತ್ತಿ ಕೂತರೆ, ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕಲು ಕರಡಿಗಳು ಇಳಿದು ಬರುತ್ತವೆ. ದುರ್ಬೀನು ತನ್ನಿ, ಮಾತು ಬಿಡಿ. ಸಂಡೂರಿನ ಬೆಟ್ಟಗಳ ಬಹುಪಾಲು ಮೀಸಲು ಅರಣ್ಯ. ಸಂಡೂರು ರಾಜರ ಸಂಸ್ಥಾನವಾಗಿದ್ದ ಕಾಲದಲ್ಲೇ ಅದರ ಒಂದು ದೊಡ್ಡ ಭಾಗವನ್ನು ಮದ್ರಾಸ್ ಸರ್ಕಾರಕ್ಕೆ ಗುತ್ತಿಗೆ ಕೊಡಲಾಗಿತ್ತು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ದೇವಸ್ಥಾನದ ದಾರಿ ಭಕ್ತರಿಗೆ ತೆರೆದಿದೆ, ಆದರೆ ದಾರಿ ಬಿಟ್ಟು ಕಾಡಿಗಿಳಿಯುವುದು ಅತಿಕ್ರಮ ಪ್ರವೇಶವಾಗುತ್ತದೆ. ಬೆಂಕಿ ಹಚ್ಚುವುದು ಅದಕ್ಕಿಂತ ದೊಡ್ಡ ಅಪರಾಧ. ಆದ್ದರಿಂದ ದಾರಿ ಬಿಟ್ಟು ನಡೆಯುವ ಯೋಚನೆಯಿದ್ದರೆ ಹೊರಡುವ ಮುಂಚೆಯೇ ಸಂಡೂರಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದು, ಜೊತೆಗೆ ದಾರಿ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಅಂತರ್ಜಾಲದಲ್ಲಿ ಯಾರೋ ಹಾಕಿದ ಗೆರೆಯನ್ನು ನಂಬಿ ಹೋದರೆ ಅದು ಗಣಿಯ ಬಾಯಿಗೆ ತಲುಪಿಸುವುದೂ ಉಂಟು.

ಕರಡಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಇಲ್ಲಿ ನಿಜವಾದ ಅಪಾಯ ಚಿರತೆಗಿಂತ ಅದರದ್ದು. ಚಿರತೆ ನಿಮ್ಮನ್ನು ಮೊದಲೇ ನೋಡಿ ಸರಿದುಹೋಗಿರುತ್ತದೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಅದು ಮಾಡುವ ಸದ್ದಿಗೆ ನಿಮ್ಮ ಹೆಜ್ಜೆ ಅದಕ್ಕೆ ಕೇಳಿಸುವುದೂ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ ತಲೆಯೆತ್ತಿ ನಿಮ್ಮನ್ನು ಕಂಡರೆ ಅದು ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಆದ್ದರಿಂದ ಕಾಡಿನಲ್ಲಿ ಮೌನವಾಗಿರಬೇಕೆಂಬ ಉಪದೇಶ ಇಲ್ಲಿ ಬೇಡ. ತಿರುವುಗಳಲ್ಲಿ, ಪೊದೆ ದಟ್ಟವಾದಲ್ಲಿ ಮಾತಾಡಿ, ಚಪ್ಪಾಳೆ ತಟ್ಟಿ. ಬೆಳಗಿನ ಮಬ್ಬು, ಸಂಜೆಯ ಮಬ್ಬಿನಲ್ಲಿ ನಡೆಯಬೇಡಿ. ಬೋರೆ, ಕಾರೆ, ತುಮರಿ ಹಣ್ಣಾಗುವ ಕಾಲದಲ್ಲಿ ಆ ಗಿಡಗಳ ಬುಡದಲ್ಲಿ ಹೊಸದಾಗಿ ಕೆದರಿದ ಗುರುತು, ಬೀಜ ತುಂಬಿದ ಲದ್ದಿ ಕಂಡರೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ಬಂಡೆಯ ಗವಿಗಳಲ್ಲಿ ಇಣುಕಬೇಡಿ. ಎದುರಾದರೆ ಓಡಬೇಡಿ, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಮರ ಹತ್ತಿಯೂ ಪ್ರಯೋಜನವಿಲ್ಲ, ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಳ್ಳಿ. ಮುಖ ಉಳಿಸಿಕೊಳ್ಳುವುದು ಮುಖ್ಯ.

ಯಾವಾಗ ಹೋಗಬೇಕು? 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಮಾತು ಯಾರದೇ ಇರಲಿ, ಹವಾಮಾನದ ದೃಷ್ಟಿಯಿಂದ ಅದು ಸರಿ. ಕರಾವಳಿಗೆ ಜೂನ್, ಜುಲೈ ಹೇಗೋ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಗೆ ಸೆಪ್ಟೆಂಬರ್ ಹಾಗೆ. ಹುಬ್ಬೆ, ಉತ್ತರೆ ಮಳೆಗಳೇ ನಮ್ಮ ಪಾಲಿನ ದೊಡ್ಡ ಮಳೆ. ಆ ಹೊತ್ತಿಗೆ ಹುಲ್ಲು ಸೊಂಟದೆತ್ತರ ಬಂದಿರುತ್ತದೆ, ಬೆಟ್ಟದ ನೆತ್ತಿಗೆ ಬೆಳಗ್ಗೆ ಮೋಡ ತಾಗುತ್ತದೆ, ಗಂಡಿಗಳಲ್ಲಿ ನೀರು ಸದ್ದು ಮಾಡುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಪಶ್ಚಿಮಘಟ್ಟದ ಹೊರಗೆ ಸಿಗುವ ಕೆಲವೇ ಜಾಗಗಳಲ್ಲಿ ಸಂಡೂರಿನ ಬೆಟ್ಟಗಳೂ ಸೇರಿವೆ. ಹೂವಿಲ್ಲದ ವರ್ಷ ಅದು ಸಾಧಾರಣ ಪೊದೆ, ತುಳಿದರೂ ಗೊತ್ತಾಗುವುದಿಲ್ಲ. ತುಳಿಯಬಾರದೆಂದೇ ಹೇಳುತ್ತಿದ್ದೇನೆ. ಅಕ್ಟೋಬರಿನಿಂದ ಜನವರಿಯವರೆಗೂ ನಡೆಯಲು ಹಿತ. ಮಾರ್ಚಿನ ನಂತರ ಬೇಡ, ಬೊಡ್ಡೆ ನೋಡುವ ಹುಚ್ಚಿದ್ದವರು ಮಾತ್ರ ಬೆಳಗ್ಗೆ ಬೇಗ ಬಂದು ಹತ್ತು ಗಂಟೆಗೆ ಇಳಿದುಬಿಡಬೇಕು.

ಕಬ್ಬಿಣದ ಬೆಟ್ಟಕ್ಕೆ ಅದರದೇ ಎರಡು ಚೇಷ್ಟೆಗಳಿವೆ. ಒಂದು, ದಿಕ್ಸೂಚಿ. ಪಟ್ಟೆಕಲ್ಲಿನಲ್ಲಿ ಅಯಸ್ಕಾಂತದ ಗುಣವುಳ್ಳ ಮ್ಯಾಗ್ನಟೈಟ್ ಇದ್ದಲ್ಲಿ ಮುಳ್ಳು ಉತ್ತರವನ್ನು ಬಿಟ್ಟು ಬಂಡೆಯ ಕಡೆ ತಿರುಗುತ್ತದೆ. ಮೊಬೈಲಿನ ನಕ್ಷೆಯಲ್ಲಿ ನೀವಿರುವ ಚುಕ್ಕೆ ಸರಿಯಾಗಿಯೇ ಇರುತ್ತದೆ, ಯಾವ ಕಡೆ ಮುಖ ಮಾಡಿದ್ದೀರಿ ಎಂದು ತೋರಿಸುವ ಬಾಣ ಮಾತ್ರ ಸುಳ್ಳು ಹೇಳಬಹುದು. ನಾಲ್ಕು ಹೆಜ್ಜೆ ನಡೆದು ಚುಕ್ಕೆ ಯಾವ ಕಡೆ ಸರಿಯಿತೆಂದು ನೋಡಿ ನಂಬಿ. ಎರಡನೆಯದು ಇಳಿಜಾರಿನ ಹರಳು. ಅದಿರಿನ ಸಣ್ಣ ಚೂರುಗಳು ಉರುಟಾಗಿ, ಭಾರವಾಗಿ, ಗಟ್ಟಿ ನೆಲದ ಮೇಲೆ ಕಡಲೆ ಚೆಲ್ಲಿದ ಹಾಗೆ ಹರಡಿರುತ್ತವೆ. ಹತ್ತುವಾಗ ಗೊತ್ತಾಗುವುದಿಲ್ಲ. ಇಳಿಯುವಾಗ ಭಾವ ಮೂರು ಸಲ ಕೂತರು, ಅದರಲ್ಲಿ ಎರಡು ಸಲ ಕೂರುವ ಇಚ್ಛೆ ಅವರಿಗಿರಲಿಲ್ಲ. ಹಲ್ಲುಳ್ಳ ಅಟ್ಟೆಯ ಬೂಟು, ಒಂದು ಕೋಲು, ಪಾದ ಅಡ್ಡವಿಟ್ಟು ಇಳಿಯುವ ತಾಳ್ಮೆ ಬೇಕು. ಮುಳ್ಳಿಗೂ ಉಣ್ಣೆಹುಳಕ್ಕೂ ತುಂಬುತೋಳಿನ ಅಂಗಿ ಒಳ್ಳೆಯದು. ನೀರು ತಲೆಗೆ ಮೂರು ಲೀಟರ್. ಬುಗ್ಗೆಯ ನೀರು ಪ್ರಾಣಿಗಳಿಗಿರಲಿ.

ಬಳ್ಳಾರಿಯಿಂದ ತೋರಣಗಲ್ಲಿನ ಮೇಲೆ, ಹೊಸಪೇಟೆಯಿಂದ ನೇರವಾಗಿ ಸಂಡೂರಿಗೆ ಬಸ್ಸುಗಳಿವೆ. ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಸಿಕ್ಕರೆ ಗಡಿಯಾರ ನೋಡಬೇಡಿ. ಸಂಡೂರಿಗೆ ಇಳಿದು ಬಂದಾಗ ಒಗ್ಗಾಣಿ, ಮಿರ್ಚಿ ಬಿಸಿಯಾಗಿತ್ತು. ಭಾವ ಎರಡನೆಯ ತಟ್ಟೆ ಹೇಳಿ, ಬೂಟು ಬಿಚ್ಚಿ ಬಡಿದರು. ಅವರ ಬಿಳಿ ಕಾಲುಚೀಲ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸಾಗರಕ್ಕೆ ಹೋದ ಮೇಲೆ ಅಕ್ಕ ಫೋನ್ ಮಾಡಿದಳು. ಮೂರು ಸಲ ಒಗೆದರೂ ಕೆಂಪು ಬಿಟ್ಟಿಲ್ಲವಂತೆ.